ಹಾಜರಿ ಪುಸ್ತಕದ ಹೊಣೆ

ಪದವಿ ಪರೀಕ್ಷೆಗಳ ಫಲಿತಾಂಶಗಳು ಹೊರಬೀಳುವ ಕಾಲ ಬಂದಿತೆಂದರೆ ನಾಡಿನ ಮನೆಮನೆಯಲ್ಲಿಯೂ ‘ಮುಂದೇನು?’ ಎಂಬ ಪ್ರಶ್ನೆಯು ತಲೆಯೆತ್ತುವುದು. ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಗೆ ವಕೀಲಿ, ಮಾಸ್ತರಿಕೆ, ಸರಕಾರದ ಗುಮಾಸ್ತಗಿರಿ ಎಂಬ ಮೂರು ನಾಲ್ಕು ಉತ್ತರಗಳು ಮಾತ್ರ ಇದ್ದವು. ಇಂದು ಉತ್ತರಗಳು ಹತ್ತಾರಾಗಿವೆ. ಕಾರಖಾನೆ ಕಂಪನಿಗಳಲ್ಲಿ ಮಾನವ ಸಂಪನ್ಮೂಲ ವ್ಯವಸ್ಥಾಪಕರಾಗುವುದು, ಎಂದರೆ ಆಡುಮಾತಿನ ಎಚ್.ಆರ್. ಮ್ಯಾನೇಜರ್ ಆಗುವುದು, ಅವುಗಳಲ್ಲೊಂದು. ವಾಣಿಜ್ಯಾಡಳಿತದ ಮತ್ತು ಸಮಾಜಕಾರ್ಯದ ಉನ್ನತ ತರಗತಿಗಳಿಗೆ ಸೇರುವವರಲ್ಲಿ ಎಷ್ಟೋ ಮಂದಿ ಈ ಕಸುಬಿನ ಮೇಲೆಯೇ ಕಣ್ಣಿಟ್ಟಿರುತ್ತಾರೆ. ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದರೆ, “ನನಗೆ ಜನರೊಡನೆ ಬೆರೆಯುವುದು ಇಷ್ಟ, ಲೆಕ್ಕಪತ್ರಗಳ ಕಾಟವೂ ಇಲ್ಲ” ಎಂಬ ಉತ್ತರವು ಮೇಲಿಂದ ಮೇಲೆ ಕೇಳಿಬರುವುದು. ಉತ್ತರವು ಸರಳವಾಗಿದೆ, ಆದರೆ ಅದರಲ್ಲಿರುವ ತಪ್ಪು ತಿಳಿವಳಿಕೆಯು ಅಪಾಯಕರವಾದುದು. ಅದು ಎಷ್ಟು ಅಪಾಯಕರವೆಂಬುದನ್ನು ನಮ್ಮ ಕೋಲಾರ ಜಿಲ್ಲೆಯೇ ಎರಡು ಸಲ ತೋರಿಸಿಕೊಟ್ಟಿದೆ.

1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕೂಲಿಕಾರರು ಕೆಲಸ ನಿಲ್ಲಿಸಿದರು. ಕೆಲಸಗಾರರ ಹೆಸರುಗಳನ್ನು ಹೊಸದಾಗಿ ನೋಂದಾಯಿಸಿಕೊಳ್ಳುವಾಗ ಪ್ರತಿಯೊಬ್ಬನ ಬೆರಳಚ್ಚನ್ನು ತೆಗೆದುಕೊಳ್ಳಬೇಕೆಂಬ ಏರ್ಪಾಡೇ ಅದಕ್ಕೆ ಕಾರಣವಾಗಿತ್ತು. ಕಳ್ಳಕಾಕರಿಂದ ಪಡೆಯತಕ್ಕ ಗುರುತನ್ನು, ಭೂಮಿಯ ಆಳಕ್ಕಿಳಿದು ಪ್ರಾಣವನ್ನು ಪಣವಿಟ್ಟು ದುಡಿಯುವ ತಮ್ಮಿಂದ ಪಡೆಯುವರೇ ಎಂದು ಅವರ ಮನಸ್ಸು ನೊಂದಿತು. ಕಚೇರಿಯವರಿಗೆ ಅದು ಪುಸ್ತಕದಲ್ಲಿ ತುಂಬಬೇಕಾದ ಒಂದು ಅಂಕಣವಾಗಿತ್ತು. ಗಣಿಯವನಿಗೆ ಅದು ಮಾನದ ಪ್ರಶ್ನೆಯಾಗಿತ್ತು.

ತೊಂಬತ್ತು ವರ್ಷಗಳು ಕಳೆದವು. 2020ರ ಡಿಸೆಂಬರ್ 12ರ ಬೆಳಗ್ಗೆ ಅದೇ ಜಿಲ್ಲೆಯ ನರಸಾಪುರದಲ್ಲಿ, ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರಖಾನೆಯ ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು. ಗೊತ್ತಾದ ಸಂಬಳ ಕೈಗೆ ಬರುತ್ತಿಲ್ಲ, ದುಡಿದ ದಿನಗಳು ಲೆಕ್ಕಕ್ಕೆ ಸೇರುತ್ತಿಲ್ಲ ಎಂಬುದು ಅಲ್ಲಿನ ತರುಣರ ದೂರು. ಆಸ್ತಿಯನ್ನು ಧ್ವಂಸಮಾಡುವುದನ್ನು ನಾವು ಎಳ್ಳಷ್ಟೂ ಸಮರ್ಥಿಸುವುದಿಲ್ಲ. ಆದರೆ ಬೆಂಕಿ ಹತ್ತಿದ ಮೇಲೆ ಅದು ಎಲ್ಲಿಂದ ಹತ್ತಿತೆಂದು ಕೇಳದಿರುವುದು ವಿವೇಕವಲ್ಲ. ಆಗ ರಾಜ್ಯದ ಕಾರಖಾನೆಗಳ ಇಲಾಖೆಯವರು ತನಿಖೆ ನಡೆಸಿ ಕಂಡುದೇನು? ಸ್ವಲ್ಪ ಕಾಲದಲ್ಲಿಯೇ ಕೆಲಸಗಾರರ ಸಂಖ್ಯೆಯು 5,000ದಿಂದ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕಂತೆ, ಕಾರ್ಮಿಕ ಕಾನೂನನ್ನು ಚೆನ್ನಾಗಿ ಬಲ್ಲ ಸಿಬ್ಬಂದಿಯುಳ್ಳ ಮಾನವ ಸಂಪನ್ಮೂಲ ವಿಭಾಗವನ್ನು ಕಟ್ಟಿರಲಿಲ್ಲ. ಹಾಜರಿಯನ್ನು ದಾಖಲಿಸುವ ಯಂತ್ರವ್ಯವಸ್ಥೆಯು ಕೆಟ್ಟಿದ್ದರೂ ಸರಿಪಡಿಸಿರಲಿಲ್ಲ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವು ಕೆಲಸಗಾರರಿಗೆ ಸಂಬಳವು ತಡವಾದುದನ್ನು ಆಪಲ್ ಕಂಪನಿಯೇ ಒಪ್ಪಿಕೊಂಡು, ವಿಸ್ಟ್ರಾನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. 2023ರಲ್ಲಿ ಆ ಕಾರಖಾನೆಯು ಟಾಟಾ ಸಂಸ್ಥೆಯ ಕೈ ಸೇರಿತು.

ಹಾಜರಿ ಪುಸ್ತಕದ ಒಂದು ದೋಷದಿಂದ ಎಷ್ಟು ಮನೆಗಳ ದೀಪ ಮಂಕಾಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಆ ಪುಸ್ತಕವನ್ನು ಕಾಯಬೇಕಾದವನೇ ನಾವು ಇಂದು ಮಾತನಾಡುತ್ತಿರುವ ಕಸುಬಿನವನು. ಲೆಕ್ಕಪತ್ರಗಳ ಕಾಟವಿಲ್ಲವೆಂದು ಈ ಕೆಲಸಕ್ಕೆ ಬರುವವನು ಮೊದಲ ಹೆಜ್ಜೆಯಲ್ಲಿಯೇ ಎಡವಿದಂತೆ.

ಈ ಹುದ್ದೆಯು ಏಕೆ ಹುಟ್ಟಿತೆಂಬುದನ್ನು ಅರಿತ ಹೊರತು ಅದರ ಧರ್ಮವು ತಿಳಿಯದು. ನಮ್ಮ ದೇಶದಲ್ಲಿ ಗಿರಣಿಗಳೂ ಗಣಿಗಳೂ ತೋಟಗಳೂ ತಲೆಯೆತ್ತಿದಾಗ ಬಿಳಿಯ ಧಣಿಗೂ ಕರಿಯ ಕೂಲಿಗೂ ನಡುವೆ ಮಾತಿನ ಬಳಕೆಯೇ ಇರಲಿಲ್ಲ. ದೇಶೀಯ ಧಣಿಗಳಿಗೂ ಕೂಲಿಯವರ ಕೇರಿಗೂ ಬಹು ದೂರವಾಗಿತ್ತು. ಆ ನಡುವಿನ ಜಾಗದಲ್ಲಿ ಮೇಸ್ತ್ರಿಯು ಬಂದು ಕುಳಿತನು. ಬಂಗಾಳದಲ್ಲಿ ಅವನನ್ನು ಸರದಾರನೆಂದರು, ಮುಂಬಯಿಯಲ್ಲಿ ಜಾಬರನೆಂದರು, ದಕ್ಷಿಣದ ತೋಟಗಳಲ್ಲಿ ಕಂಗಾಣಿಯೆಂದರು. ಹೆಸರು ಯಾವುದಾದರೇನು, ಕೆಲಸ ಕೊಡಿಸುವವನು ಅವನು. ಕೆಲಸದಿಂದ ತೆಗೆಸುವವನೂ ಅವನೇ. ಎರಡಕ್ಕೂ ಕೂಲಿಯವನು ಕಾಣಿಕೆ ಸಲ್ಲಿಸಬೇಕಾಗಿತ್ತು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿಯನ್ನೊಪ್ಪಿಸಿದ ವ್ಹಿಟ್ಲೆ ಆಯೋಗವು ಈ ಲಂಚದ ಹಾವಳಿಯನ್ನು ವಿವರವಾಗಿ ಬಯಲಿಗೆಳೆಯಿತು. ಕೆಲಸಕ್ಕೆ ಸೇರಿಸುವ ಮತ್ತು ತೆಗೆಯುವ ಅಧಿಕಾರವನ್ನು ಮೇಸ್ತ್ರಿಯಿಂದ ಕಿತ್ತು, ಮಾಲೀಕನಿಗೆ ನೇರವಾಗಿ ಹೊಣೆಯಾದ ಕಾರ್ಮಿಕಾಧಿಕಾರಿಗೆ ಕೊಡಬೇಕೆಂದು ಅದು ಸಲಹೆಮಾಡಿತು. ಇಂದಿನ ಮಾನವ ಸಂಪನ್ಮೂಲ ವ್ಯವಸ್ಥಾಪಕನು ಆ ಕಾರ್ಮಿಕಾಧಿಕಾರಿಯ ಪೀಳಿಗೆಯವನು. ಮೇಸ್ತ್ರಿಯ ದಬ್ಬಾಳಿಕೆಯಿಂದ ಕೂಲಿಯವನನ್ನು ಬಿಡಿಸುವುದಕ್ಕಾಗಿಯೇ ಈ ಕುರ್ಚಿಯನ್ನು ಹಾಕಿದರು.

ಸ್ವಾತಂತ್ರ್ಯ ಬಂದೊಡನೆ ನಮ್ಮ ಶಾಸನಕರ್ತರು ಈ ಕುರ್ಚಿಗೆ ಕಾನೂನಿನ ಬಲವನ್ನು ಕೊಟ್ಟರು. 500 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಪ್ರತಿಯೊಂದು ಕಾರಖಾನೆಯಲ್ಲಿಯೂ ಕಲ್ಯಾಣಾಧಿಕಾರಿಯಿರತಕ್ಕದ್ದೆಂದು 1948ರ ಕಾರಖಾನೆಗಳ ಕಾಯಿದೆಯು ವಿಧಿಸಿತು. ಅದರ ಅನ್ವಯಕ್ಕಾಗಿ ರಚಿತವಾದ ಮಾದರಿ ನಿಯಮಗಳಲ್ಲಿ ಗಮನಾರ್ಹವಾದ ಎರಡು ಮಾತುಗಳಿದ್ದವು. ಕಲ್ಯಾಣಾಧಿಕಾರಿಯಾಗತಕ್ಕವನು ಬಹುಸಂಖ್ಯಾತ ಕೆಲಸಗಾರರ ಭಾಷೆಯನ್ನು ಸಾಕಷ್ಟು ಬಲ್ಲವನಾಗಿರಬೇಕು ಎಂಬುದು ಒಂದು. ಕೆಲಸಗಾರರ ಮೇಲಿನ ಶಿಸ್ತಿನ ಮೊಕದ್ದಮೆಗಳನ್ನು ಅವನು ನಡೆಸಕೂಡದು, ಮಾಲೀಕನ ಪರವಾಗಿ ಕೆಲಸಗಾರನ ವಿರುದ್ಧ ನ್ಯಾಯಾಸ್ಥಾನದಲ್ಲಿ ನಿಲ್ಲಕೂಡದು ಎಂಬುದು ಮತ್ತೊಂದು. ಒಂದು ಕೈಯಿಂದ ಕಣ್ಣೀರನ್ನು ಒರೆಸುತ್ತ ಮತ್ತೊಂದು ಕೈಯಿಂದ ವಜಾಪತ್ರವನ್ನು ನೀಡುವವನನ್ನು ಯಾರೂ ನಂಬಲಾರರೆಂಬ ಸತ್ಯವನ್ನು ಆ ನಿಯಮಗಳನ್ನು ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು.

ವಿದ್ಯಾಸಂಸ್ಥೆಗಳೂ ಈ ಕಾರ್ಯಕ್ಕೆ ಜನರನ್ನು ಸಿದ್ಧಪಡಿಸಲು ಮುಂದೆ ಬಂದವು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯೂ, 1949ರಲ್ಲಿ ಜಮಶೇದಪುರದಲ್ಲಿ ಎಕ್ಸ್‌ಎಲ್‌ಆರ್‌ಐ ಸಂಸ್ಥೆಯೂ ಪ್ರಾರಂಭವಾದವು. ನಮ್ಮ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆಯು ಬಾಗಿಲು ತೆರೆಯಿತು.

ಹೀಗೆ ಸದುದ್ದೇಶದಿಂದ ಹುಟ್ಟಿದ ಹುದ್ದೆಯು ಕಾಲಕ್ರಮದಲ್ಲಿ ಹೆಸರನ್ನು ಬದಲಾಯಿಸುತ್ತ ಬಂತು. ಕಾರ್ಮಿಕಾಧಿಕಾರಿಯು ಸಿಬ್ಬಂದಿ ವ್ಯವಸ್ಥಾಪಕನಾದನು. ಅವನೇ ಮುಂದೆ ಮಾನವ ಸಂಪನ್ಮೂಲ ವ್ಯವಸ್ಥಾಪಕನಾದನು. ಹೆಸರು ಬದಲಾದುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಕಲ್ಲಿದ್ದಲು, ಕಬ್ಬಿಣ, ಮರಮಟ್ಟುಗಳ ಸಾಲಿನಲ್ಲಿ ಮನುಷ್ಯನನ್ನೂ ಸಂಪನ್ಮೂಲವೆಂದು ಬರೆದಿಡುವಾಗ, ಕಲ್ಲಿದ್ದಲಿಗೆ ಹಸಿವಿಲ್ಲ, ಕಬ್ಬಿಣಕ್ಕೆ ಮಕ್ಕಳಿಲ್ಲ ಎಂಬ ಭೇದವನ್ನು ಮರೆಯುವ ಅಪಾಯವುಂಟು. ಅದಕ್ಕಿಂತಲೂ ಹೆಚ್ಚಿನ ಅಪಾಯವೊಂದಿದೆ. ಓಡಿಸಿದ ಮೇಸ್ತ್ರಿಯು ಹಿಂಬಾಗಿಲಿನಿಂದ ಒಳಗೆ ಬಂದಿದ್ದಾನೆ. ಇಂದು ಅವನ ಹೆಸರು ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರ. ನರಸಾಪುರದಲ್ಲಿಯೂ ಬಹುಪಾಲು ಕೆಲಸಗಾರರು ಗುತ್ತಿಗೆದಾರರ ಮೂಲಕವೇ ಬಂದವರಾಗಿದ್ದರು. ಸಂಬಳ ಏಕೆ ಕಡಿಮೆಯಾಯಿತೆಂದು ಕಾರಖಾನೆಯವರನ್ನು ಕೇಳಿದರೆ ‘ಗುತ್ತಿಗೆದಾರನನ್ನು ಕೇಳು’ ಎನ್ನುವುದು, ಗುತ್ತಿಗೆದಾರನನ್ನು ಕೇಳಿದರೆ ‘ಕಾರಖಾನೆಯಿಂದ ಲೆಕ್ಕ ಬಂದಿಲ್ಲ’ ಎನ್ನುವುದು ಇಂಥ ವ್ಯವಸ್ಥೆಯ ಎಲ್ಲ ಕಡೆಯ ಹಾಡು. ಕಾನೂನು ಈ ಹಾಡನ್ನು ಒಪ್ಪುವುದಿಲ್ಲ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಅದನ್ನು ಕೊಡತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ಸ್ಪಷ್ಟವಾಗಿ ಹೇಳಿತ್ತು. ಈಗಿನ ಸಂಹಿತೆಯೂ ಆ ಹೊಣೆಯನ್ನು ಬಿಟ್ಟುಕೊಟ್ಟಿಲ್ಲ. ಅದನ್ನು ಮಾಲೀಕನಿಗೆ ನೆನಪಿಸಬೇಕಾದವನು ಯಾರು? ಮಾನವ ಸಂಪನ್ಮೂಲ ವ್ಯವಸ್ಥಾಪಕನೇ. ಅವನು ಕಣ್ಣುಮುಚ್ಚಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಆದುದರಿಂದ ಈ ಕಸುಬನ್ನು ಹಿಡಿಯಬೇಕೆಂದಿರುವ ನಮ್ಮ ತರುಣ ತರುಣಿಯರು ಯಾವ ಸಾಮಗ್ರಿಯೊಡನೆ ಹೊರಡಬೇಕೆಂಬುದನ್ನು ವಿಚಾರಿಸೋಣ. ನಮ್ಮ ಅಭಿಪ್ರಾಯದಲ್ಲಿ ಅವರಿಗೆ ಮೂರು ವಿದ್ಯೆಗಳೂ ಒಂದು ಗುಣವೂ ಅವಶ್ಯವು.

ಮೊದಲನೆಯದು ಕಾನೂನಿನ ವಿದ್ಯೆ. 29 ಹಳೆಯ ಕಾರ್ಮಿಕ ಕಾಯಿದೆಗಳನ್ನು ಒಟ್ಟುಗೂಡಿಸಿ 2019 ಮತ್ತು 2020ರಲ್ಲಿ ಪಾರ್ಲಿಮೆಂಟು ನಾಲ್ಕು ಸಂಹಿತೆಗಳನ್ನು ಮಾಡಿತು. 2025ರ ನವೆಂಬರ್ 21ರಿಂದ ಅವು ಜಾರಿಗೆ ಬಂದಿವೆ. ಕೆಲಸಗಾರನಿಗೆ ನೇಮಕಪತ್ರವನ್ನು ಕೊಡಲೇಬೇಕು. 20 ಮತ್ತು ಹೆಚ್ಚು ಕೆಲಸಗಾರರಿರುವಲ್ಲಿ ಮಾಲೀಕರ ಮತ್ತು ಕೆಲಸಗಾರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. 250 ಕೆಲಸಗಾರರಿರುವ ಕಾರಖಾನೆಯಲ್ಲಿಯೇ ಕಲ್ಯಾಣಾಧಿಕಾರಿ ಬೇಕು. ಇವು ಒಳ್ಳೆಯ ಮಾತುಗಳು. ಅದೇ ಸಂಹಿತೆಗಳು, ಕೆಲಸಗಾರರನ್ನು ತೆಗೆಯುವುದಕ್ಕೂ ಕಾರಖಾನೆಯನ್ನು ಮುಚ್ಚುವುದಕ್ಕೂ ಸರಕಾರದ ಮುನ್ನೊಪ್ಪಿಗೆ ಬೇಕಾದ ಮಿತಿಯನ್ನು 100 ಕೆಲಸಗಾರರಿಂದ 300ಕ್ಕೆ ಏರಿಸಿವೆ. ಇದರಿಂದ ಮಾಲೀಕನ ಕೈ ಸಡಿಲವಾಗಿದೆ. ಸಡಿಲವಾದ ಕೈ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಇನ್ನು ಮುಂದೆ ಬಹುಮಟ್ಟಿಗೆ ನಿರ್ಧರಿಸುವುದು ಈ ಅಧಿಕಾರಿಯ ವಿವೇಕವೇ. ಹತ್ತು ಜನರು ದುಡಿಯುವ ಸ್ಥಳದಲ್ಲಿಯೂ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿಯಿರಬೇಕೆಂದು 2013ರ ಕಾಯಿದೆಯು ಹೇಳಿದೆ. ಆ ಸಮಿತಿಯು ಗೋಡೆಯ ಮೇಲಿನ ಫಲಕದಲ್ಲಿ ಮಾತ್ರ ಇದೆಯೋ, ನೊಂದ ಹೆಣ್ಣುಮಗಳು ಅಂಜದೆ ಅದರ ಬಾಗಿಲನ್ನು ತಟ್ಟಬಲ್ಲಳೋ ಎಂಬುದೂ ಇವನನ್ನೇ ಅವಲಂಬಿಸಿದೆ.

ಎರಡನೆಯದು ಲೆಕ್ಕದ ವಿದ್ಯೆ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಪರವಾಗಿ ಗಾಂಧಿಯವರು ನಿಂತ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಉಪವಾಸವನ್ನು ನೆನೆಯುವ ನಾವು ಅದಕ್ಕೆ ಮುಂಚಿನ ಲೆಕ್ಕಾಚಾರವನ್ನು ಮರೆಯುತ್ತೇವೆ. ಕಾರ್ಮಿಕರು ಕೇಳುತ್ತಿದ್ದುದು ನೂರಕ್ಕೆ 50ರಷ್ಟು ಹೆಚ್ಚಳ. ಮಾಲೀಕರು ಕೊಡಲೊಪ್ಪಿದುದು 20. ಗಾಂಧಿಯವರೂ ಅವರ ಸಂಗಡಿಗರೂ ಕೂಲಿಯ ದರಗಳನ್ನೂ ಜೀವನದ ಖರ್ಚನ್ನೂ ವಿಚಾರಿಸಿ 35 ನ್ಯಾಯವೆಂದು ತೀರ್ಮಾನಿಸಿದರು. ಕಾರ್ಮಿಕರಿಂದಲೂ ಅಷ್ಟಕ್ಕೇ ಒಪ್ಪಿಗೆ ಪಡೆದರು. ಕಡೆಗೆ ಪಂಚಾಯತಿಯ ತೀರ್ಪೂ 35 ಎಂದೇ ಆಯಿತು. ಒಂದು ಕಡೆ ಗಿರಣಿಯೊಡೆಯ ಅಂಬಾಲಾಲ ಸಾರಾಭಾಯಿ, ಮತ್ತೊಂದು ಕಡೆ ಕಾರ್ಮಿಕರ ಪರವಾಗಿ ಅವರ ಸೋದರಿ ಅನಸೂಯಾ ಬೆನ್. ಆದರೂ ವ್ಯಾಜ್ಯವು ದ್ವೇಷವಾಗಲಿಲ್ಲ. ಲೆಕ್ಕವು ಶುದ್ಧವಾಗಿದ್ದುದೂ ಅದಕ್ಕೊಂದು ಕಾರಣ. ಹೆಚ್ಚುವರಿ ಗಂಟೆಗಳ ಕೂಲಿ, ಭವಿಷ್ಯನಿಧಿಯ ಕಡಿತ, ರಜೆಯ ಸಂಬಳ, ಉಪದಾನ ಇವುಗಳನ್ನು ಕೆಲಸಗಾರನ ಎದುರಿಗೆ ಕುಳಿತು ಕಾಗದದ ಮೇಲೆ ಕೂಡಿಸಿ ಕಳೆದು ತೋರಿಸಲಾರದವನು ಈ ಕುರ್ಚಿಗೆ ಅರ್ಹನಲ್ಲ. ಇಂದು ಹಾಜರಿಯನ್ನು ಯಂತ್ರವು ಬರೆಯುವುದು, ಅರ್ಜಿಗಳನ್ನು ಗಣಕವು ಜರಡಿ ಹಿಡಿಯುವುದು. ಯಂತ್ರವು ತಪ್ಪಿದರೆ ಕ್ಷಮೆ ಕೇಳಬೇಕಾದವನು ಮನುಷ್ಯನೇ ಎಂಬುದನ್ನು ಮರೆಯಲಾಗದು.

ಮೂರನೆಯದು ಭಾಷೆ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯು ಕಾರಖಾನೆಗೆ ಅನ್ವಯಿಸುವಷ್ಟು ಮತ್ತೆಲ್ಲಿಯೂ ಅನ್ವಯಿಸದು. ಕೆಲಸದ ಷರತ್ತುಗಳನ್ನು ಹೇಳುವ ಸ್ಥಾಯೀ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ ಬಹುಸಂಖ್ಯಾತ ಕೆಲಸಗಾರರು ಅರಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಅಂಟಿಸತಕ್ಕದ್ದೆಂದು 1946ರ ಕಾಯಿದೆಯೇ ವಿಧಿಸಿತ್ತು. ಹಾಗಿದ್ದರೂ ನಮ್ಮ ನಾಡಿನಲ್ಲಿ ಕನ್ನಡವೊಂದನ್ನೇ ಓದಬಲ್ಲ ಹೆಣ್ಣುಮಗಳು ಇಂಗ್ಲಿಷಿನ ಕಾಗದಕ್ಕೆ ರುಜು ಹಾಕಿ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುವ ಪ್ರಸಂಗಗಳು ಇಲ್ಲವಾಗಿವೆಯೇ? 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಸಿದ್ಧಉಡುಪು ಕಾರಖಾನೆಗಳ ಸಾವಿರಾರು ಹೆಂಗಸರು ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58ನೆಯ ವಯಸ್ಸಿನವರೆಗೆ ಹಿಂದಕ್ಕೆ ಪಡೆಯಲಾಗದೆಂಬ ಕೇಂದ್ರ ಸರಕಾರದ ಹೊಸ ನಿಯಮವು ಅವರನ್ನು ಕೆರಳಿಸಿತ್ತು. ಎರಡೇ ದಿನಗಳಲ್ಲಿ ಸರಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಿಯಮವನ್ನು ಮಾಡಿದವರು ಕಾರಖಾನೆಯವರಲ್ಲ, ನಿಜ. ಆದರೆ ಮಗಳ ಮದುವೆ, ಮನೆಯ ಸಾಲ, ಗಂಡನ ಕಾಯಿಲೆಗೆಂದು ಆ ಹೆಂಗಸರು ನಂಬಿದ್ದ ಗಂಟು ಅದೊಂದೇ ಎಂಬುದು ಅವರೊಡನೆ ಅವರ ಮಾತಿನಲ್ಲಿ ಮಾತನಾಡುವ ಅಧಿಕಾರಿಗೆ ಮೊದಲೇ ತಿಳಿದಿರುತ್ತದೆ. ತಿಳಿದವನು ಮಾಲೀಕರ ಮೂಲಕ ಸರಕಾರದ ಕಿವಿಗೆ ಅದನ್ನು ಮುಟ್ಟಿಸಬಲ್ಲನು. ಕನ್ನಡ ನಾಡಿನ ಕಾರಖಾನೆಯಲ್ಲಿ ಕನ್ನಡವನ್ನರಿಯದವನು ಯಂತ್ರವನ್ನು ನಡೆಸಬಹುದು, ಲೆಕ್ಕವನ್ನು ಬರೆಯಬಹುದು; ಜನರನ್ನು ನೋಡಿಕೊಳ್ಳುವ ಕೆಲಸವನ್ನು ಮಾತ್ರ ಮಾಡಲಾರನು. ಈ ಕಾರಣದಿಂದಲೇ ಈ ಕಸುಬು ಕನ್ನಡದ ಮಕ್ಕಳನ್ನು ಕರೆಯುತ್ತಿದೆಯೆಂದು ನಾವು ಹೇಳುತ್ತೇವೆ. ಜೊತೆಗೆ, ಬಿಹಾರ ಒಡಿಶಾಗಳಿಂದ ಹೊಟ್ಟೆಪಾಡಿಗೆ ಬಂದ ಕೆಲಸಗಾರನೊಡನೆ ಅವನಿಗೆ ತಿಳಿಯುವ ಮಾತಿನಲ್ಲಿ ವ್ಯವಹರಿಸುವುದೂ ಅದೇ ಧರ್ಮವೆಂಬುದನ್ನು ಮರೆಯಬಾರದು. ನಮಗೆ ಬೇಕೆಂದು ಕೇಳುವ ನ್ಯಾಯವನ್ನು ಪರರಿಗೆ ಇಲ್ಲವೆನ್ನಲಾಗದು.

ಇನ್ನು ಗುಣವೆಂದೆವು, ಅದು ಧೈರ್ಯ. ಈ ಅಧಿಕಾರಿಗೆ ಅತ್ತ ದರಿ, ಇತ್ತ ಪುಲಿ. ಸಂಬಳ ಕೊಡುವವನು ಧಣಿ; ನಂಬಿಕೆಯನ್ನು ಕೊಡಬೇಕಾದವನು ಕೆಲಸಗಾರ. 2012ರ ಜುಲೈ 18ರಂದು ಹರಿಯಾಣದ ಮಾನೇಸರದಲ್ಲಿ ಮಾರುತಿ ಕಾರಖಾನೆಯ ಗಲಭೆಯಲ್ಲಿ ಬೆಂಕಿಗೆ ಆಹುತಿಯಾದವರು ಅಲ್ಲಿನ ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೇ. 2017ರಲ್ಲಿ ನ್ಯಾಯಾಲಯವು 31 ಮಂದಿಯನ್ನು ಅಪರಾಧಿಗಳೆಂದು ಸಾರಿ ಅವರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 117 ಮಂದಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಆ ವೇಳೆಗೆ ಅವರ ಬಾಳಿನ ಅಮೂಲ್ಯ ವರ್ಷಗಳು ಕಳೆದುಹೋಗಿದ್ದವು. ಸತ್ತವರ ಮನೆಯೂ ಹಾಳಾಯಿತು, ಬದುಕಿದವರ ಮನೆಯೂ ಹಾಳಾಯಿತು. ಧಣಿಗೂ ದುಡಿಮೆಗಾರನಿಗೂ ನಡುವೆ ಮಾತು ಮುರಿದುಬಿದ್ದಲ್ಲಿ ಮೊದಲು ಸುಡುವುದು ನಡುವೆ ನಿಂತವನನ್ನು. ಆದುದರಿಂದ ಮಾತು ಮುರಿಯುವ ಮೊದಲೇ, ‘ಇದು ಕಾನೂನಿಗೆ ವಿರುದ್ಧ, ಇದಕ್ಕೆ ನಾನು ರುಜು ಹಾಕಲಾರೆ’ ಎಂದು ಧಣಿಗೂ, ‘ನೀನು ಕೇಳುತ್ತಿರುವುದು ನ್ಯಾಯವಲ್ಲ’ ಎಂದು ಕೆಲಸಗಾರನಿಗೂ ಹೇಳಬಲ್ಲ ಎದೆಗಾರಿಕೆ ಇರಬೇಕು. ಮಾಹಿತಿ ತಂತ್ರಜ್ಞಾನದ ಕಂಪನಿಗಳಲ್ಲಿ ಈ ಧೈರ್ಯವು ಇನ್ನೂ ಹೆಚ್ಚಾಗಿ ಬೇಕು. ಕರ್ನಾಟಕ ಸರಕಾರವು ಅವುಗಳಿಗೆ 1946ರ ಕಾಯಿದೆಯಿಂದ ವರ್ಷಗಟ್ಟಲೆ ವಿನಾಯಿತಿಯನ್ನು ಕೊಡುತ್ತ ಬಂದು, 2024ರಲ್ಲಿಯೂ ಅದನ್ನು ಷರತ್ತುಗಳೊಡನೆ ಮುಂದುವರಿಸಿತು. ಲಿಖಿತ ಕಟ್ಟಳೆಯು ಸಡಿಲವಾಗಿರುವಲ್ಲಿ ವ್ಯವಸ್ಥಾಪಕನ ಮನಸ್ಸಾಕ್ಷಿಯೇ ಕಟ್ಟಳೆಯಾಗುತ್ತದೆ. ಹತ್ತು ವರ್ಷ ದುಡಿದವನನ್ನು ಒಂದು ಮಿಂಚಂಚೆಯಿಂದ ಮನೆಗೆ ಕಳುಹಿಸುವುದು ಸುಲಭ. ಅವನೆದುರು ಕುಳಿತು ಕಾರಣವನ್ನು ಹೇಳಿ, ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಕಳುಹಿಸುವುದು ಕಷ್ಟ. ಆ ಕಷ್ಟಕ್ಕಾಗಿಯೇ ಇವನಿಗೆ ಸಂಬಳ.

ಇಷ್ಟೆಲ್ಲವನ್ನು ತರುಣರ ಮೇಲೆಯೇ ಹೊರಿಸುವುದು ನ್ಯಾಯವಾಗದು. ಮಾಲೀಕರು ಈ ಅಧಿಕಾರಿಯನ್ನು ತಮ್ಮ ಬಾಯಿಯೆಂದು ಮಾತ್ರ ತಿಳಿಯದೆ ತಮ್ಮ ಕಿವಿಯೆಂದೂ ತಿಳಿಯಬೇಕು. ಗುತ್ತಿಗೆದಾರನ ಕೂಲಿಯ ಪಟ್ಟಿಯನ್ನು ತಿಂಗಳು ತಿಂಗಳೂ ಪರೀಕ್ಷಿಸುವ ಅಧಿಕಾರವನ್ನು ಅವನಿಗೆ ಕೊಡಬೇಕು. ಅಪ್ರಿಯವಾದ ಸತ್ಯವನ್ನು ಹೇಳಿದನೆಂದು ಅವನ ಬಡ್ತಿಯನ್ನು ತಡೆಯಬಾರದು. ಸತ್ಯ ಹೇಳುವ ಒಬ್ಬ ಅಧಿಕಾರಿಗೆ ತಗಲುವ ವೆಚ್ಚವೆಷ್ಟು, ನರಸಾಪುರದಲ್ಲಿ ಒಂದು ಬೆಳಗಿನಲ್ಲಿ ಆದ ನಷ್ಟವೆಷ್ಟು ಎಂಬುದನ್ನು ತೂಗಿ ನೋಡಲಿ. ನಮ್ಮ ವಿಶ್ವವಿದ್ಯಾನಿಲಯಗಳವರು ವಿದ್ಯಾರ್ಥಿಗಳಿಗೆ ಪರದೇಶದ ಗ್ರಂಥಗಳ ಪರಿಭಾಷೆಯನ್ನು ಕಲಿಸಿ ಕೈತೊಳೆದುಕೊಳ್ಳದೆ, ಅವರನ್ನು ಒಂದಿಷ್ಟು ತಿಂಗಳು ಕಾರಖಾನೆಯ ರಾತ್ರಿಪಾಳಿಗೆ ಕಳುಹಿಸಲಿ; ಕಾರ್ಮಿಕ ನ್ಯಾಯಾಲಯದಲ್ಲಿ ಕೂರಿಸಲಿ; ನೇಮಕಪತ್ರವನ್ನೂ ಆರೋಪಪಟ್ಟಿಯನ್ನೂ ಸ್ಪಷ್ಟವಾದ ಕನ್ನಡದಲ್ಲಿ ಬರೆಯುವುದನ್ನು ಕಲಿಸಲಿ. ಸರಕಾರದವರು ಕಲ್ಯಾಣಾಧಿಕಾರಿಯ ಹುದ್ದೆಯು ಕಾಗದದ ಮೇಲೆ ಭರ್ತಿಯಾಗಿದೆಯೇ ಎಂದು ನೋಡಿ ಸುಮ್ಮನಾಗದೆ, ಆ ಹುದ್ದೆಯಲ್ಲಿರುವವನು ನಿಜವಾಗಿ ಆ ಕೆಲಸವನ್ನು ಮಾಡುತ್ತಿದ್ದಾನೆಯೇ ಎಂದು ವಿಚಾರಿಸಲಿ.

ನಮ್ಮ ತರುಣ ತರುಣಿಯರಿಗೆ ಕೊನೆಯ ಮಾತು. ಈ ಕಸುಬಿನಲ್ಲಿ ಒಳ್ಳೆಯ ಸಂಬಳವಿದೆ, ಮರ್ಯಾದೆಯಿದೆ, ಮೇಲೇರಲು ಅವಕಾಶವೂ ಇದೆ. ಅವನ್ನು ಬಯಸುವುದು ತಪ್ಪಲ್ಲ. ಆದರೆ ನೀವು ಕೈಯಲ್ಲಿ ಹಿಡಿಯುವ ಹಾಜರಿ ಪುಸ್ತಕದಲ್ಲಿರುವುದು ಅಂಕಿಗಳಲ್ಲ, ಮನುಷ್ಯರ ದಿನಗಳು. ಅವುಗಳಲ್ಲಿ ಒಂದು ದಿನವನ್ನು ತಪ್ಪಿ ಬಿಟ್ಟರೆ ಎಲ್ಲೋ ಒಂದು ಮನೆಯಲ್ಲಿ ಒಂದು ಹೊತ್ತಿನ ಅಡುಗೆ ನಿಲ್ಲುವುದು. ಈ ಎಚ್ಚರವುಳ್ಳವರು ಧಾರಾಳವಾಗಿ ಈ ದಾರಿಯನ್ನು ಹಿಡಿಯಲಿ. ನಾಡಿಗೆ ಅಂಥವರ ಅವಶ್ಯಕತೆ ಬಹಳವಾಗಿದೆ. ಈ ಎಚ್ಚರವಿಲ್ಲದೆ, ಜನರೊಡನೆ ಬೆರೆಯುವ ಹವ್ಯಾಸವೊಂದನ್ನೇ ನಂಬಿ ಬರುವವರು ಬೇರೆ ಕಸುಬನ್ನು ನೋಡಿಕೊಳ್ಳುವುದು ಅವರಿಗೂ ಕ್ಷೇಮ, ದುಡಿಯುವ ಜನರಿಗೂ ಕ್ಷೇಮ.